ನಿಮ್ಮ ಲ್ಯಾಬ್ರಡಾರ್‌ಗೆ ತೋಟ ಬೇಡ, ಮನೆ ಬೇಕು

ನಮಸ್ಕಾರ. ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಓದ್ತೀನಿ, ಕೇಳಿ. "ನಮ್ಮ ಲ್ಯಾಬ್ರಡಾರ್ ನಾಯಿಗೆ 6 ವರ್ಷ, 34 ಕೆಜಿ, ತುಂಬಾ ಮುದ್ದು. ಊರು ಬಿಡ್ತಿದೀವಿ, ಇಟ್ಕೊಳ್ಳೋಕಾಗಲ್ಲ. ದೊಡ್ಡ ತೋಟ ಇರೋರು ಯಾರಾದ್ರೂ ಇದ್ರೆ ಹೇಳಿ, ಆರಾಮಾಗಿ ಓಡಾಡ್ಕೊಂಡಿರ್ಲಿ."

ತೋಟ. ಫಾರ್ಮ್‌ಹೌಸ್. ಎಸ್ಟೇಟ್. ದೊಡ್ಡ ನಾಯಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಇದೇ. ಇವತ್ತು ನಾನು ಹೇಳೋದೂ ಒಂದೇ ವಿಷಯ. ಆರು ವರ್ಷ ಸೋಫಾ ಪಕ್ಕದಲ್ಲಿ ಮಲಗಿದ ನಾಯಿಗೆ ಎಕರೆ ಬೇಡ ಕಣ್ರೀ. ಜನ ಬೇಕು.

ನಾಯಿನ ಯಾಕೆ ಕೊಡ್ತಿದೀರ ಅಂತ ನಾನು ಕೇಳಲ್ಲ. ವರ್ಗಾವಣೆ, ಮನೇಲಿ ಕಾಯಿಲೆ, ಬಾಡಿಗೆ ಮನೆ ಓನರ್ ಕಿರಿಕಿರಿ, ಎಲ್ಲಾ ನಿಜವಾದ ಕಷ್ಟಗಳೇ. ರಿಂಗ್ ರೋಡಲ್ಲಿ ಕಾರಿಂದ ಇಳಿಸಿ ಹೋಗೋರಿಗಿಂತ ಮನೆ ಹುಡುಕೋರು ಸಾವಿರ ಪಾಲು ಮೇಲು. ಹಾಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಐವತ್ತೇ ರೂಪಾಯಿ! ಈ ಕಾನೂನು ನಿಮ್ಮ ನಾಯಿನ ಕಾಯಲ್ಲ, ನೀವೇ ಕಾಯ್ಬೇಕು.

ಈಗ ತೋಟದ ವಿಷಯಕ್ಕೆ ಬರೋಣ. ಯಜಮಾನ್ರು ಇರೋದು ಬೆಂಗಳೂರಲ್ಲಿ, ತೋಟಕ್ಕೆ ಬರೋದು ಶನಿವಾರ. ಊಟ ಹಾಕೋದು ಅಲ್ಲಿರೋ ಕೆಲಸದವರು. ಅವರನ್ನ ಬೈಬೇಡಿ, ಅವರಿಗದು ಸಂಬಳ ಇಲ್ಲದ ಇನ್ನೊಂದು ಕೆಲಸ. ಮೊದಲ ವಾರ ನಾಯಿನ ಬಿಟ್ಟಿರ್ತಾರೆ. ಅದು ಪಕ್ಕದ ಜಮೀನಿನವರ ಕೋಳಿ ಹಿಡಿಯತ್ತೆ, ಇಲ್ಲಾಂದ್ರೆ ನಿಮ್ಮನ್ನ ಹುಡುಕ್ಕೊಂಡು ರಸ್ತೆಗೆ ಓಡತ್ತೆ. ಜಗಳ ಆಗತ್ತೆ. ಎರಡನೇ ವಾರ ಚೈನ್ ಹಾಕ್ತಾರೆ. ಆ ಚೈನ್ ಮತ್ತೆ ಬಿಚ್ಚಲ್ಲ. ಹತ್ತು ಎಕರೆ ತೋಟದಲ್ಲಿ ನಿಮ್ಮ ನಾಯಿ ಪಾಲಿಗೆ ಬಂದಿದ್ದು ಆರು ಅಡಿ ಸರಪಳಿ.

ಬಿಟ್ಟೇ ಸಾಕಿದ್ರೂ ಅಪಾಯ ತಪ್ಪಲ್ಲ. ರಾಮನಗರ, ತುಮಕೂರು ಕಡೆಯವರನ್ನ ಕೇಳಿ, ಚಿರತೆ ಮೊದಲು ಎತ್ಕೊಂಡು ಹೋಗೋದೇ ನಾಯಿನ. ಕಾಡುಹಂದಿಗೆ ಇಟ್ಟ ಉರುಳು, ಇಲಿ ಪಾಷಾಣ, ಕಟ್ಟೆ ಇಲ್ಲದ ಬಾವಿ, ಹಾವು. ಎಲ್ಲಕ್ಕಿಂತ ದೊಡ್ಡ ಶತ್ರು ಉಣ್ಣಿ, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಹುಳ. ಗೋಲ್ಡನ್ ರಿಟ್ರೀವರ್ ತರದ ದಟ್ಟ ಕೂದಲಲ್ಲಿ ಅದು ಕಣ್ಣಿಗೇ ಬೀಳಲ್ಲ. ಎರ್ಲಿಕಿಯಾ, ಬಬೇಸಿಯಾ ಅನ್ನೋ ಎರಡು ರಕ್ತದ ಕಾಯಿಲೆಗಳೂ ಉಣ್ಣಿಯಿಂದ ಬರೋದು. ಜ್ವರ ಬರತ್ತೆ, ಊಟ ಬಿಡತ್ತೆ, ಒಸಡು ಬಿಳಿಚಿಕೊಳ್ಳತ್ತೆ, ಪ್ಲೇಟ್‌ಲೆಟ್ ಕುಸಿದು ಮೂಗಲ್ಲಿ ರಕ್ತ ಬರಬಹುದು. ಬೇಗ ಹಿಡಿದ್ರೆ ಮಾತ್ರೆ, ಇಂಜೆಕ್ಷನ್ನಲ್ಲೇ ವಾಸಿ ಆಗತ್ತೆ. ಮನೇಲಾದ್ರೆ ಬೆಳಿಗ್ಗೆ ತಟ್ಟೆ ಹಾಗೇ ಇದ್ರೆ ಮಧ್ಯಾಹ್ನದೊಳಗೆ ಗೊತ್ತಾಗತ್ತೆ. ತೋಟದಲ್ಲಿ ಶನಿವಾರ ಗೊತ್ತಾಗತ್ತೆ.

"ಜಾಗ ಇದ್ರೆ ಅದೇ ಓಡಾಡ್ಕೊಳತ್ತೆ" ಅಂತಾರೆ. ಓಡಾಡಲ್ಲ ರೀ! ಒಂಟಿಯಾಗಿ ಬಿಟ್ಟ ಲ್ಯಾಬ್ ಗೇಟಿನ ಹತ್ರ ಬಿದ್ಕೊಂಡು ರಸ್ತೆ ನೋಡ್ತಿರತ್ತೆ. ಆ ತಳಿನ ಬೆಳೆಸಿದ್ದೇ ಬೇಟೆಗಾರನ ಪಕ್ಕ ಕೂತು, ಹೊಡೆದ ಹಕ್ಕಿ ತಂದು ಅವನ ಕೈಗೆ ಕೊಡೋಕೆ. ಮನುಷ್ಯನ ಜೊತೆ ಕೆಲಸ ಮಾಡೋದು ಅದರ ರಕ್ತದಲ್ಲಿದೆ. ಬೆಳಿಗ್ಗೆ 40 ನಿಮಿಷ, ಸಂಜೆ 40 ನಿಮಿಷ ಯಾರಾದ್ರೂ ಜೊತೇಲಿ ನಡೆದ್ರೆ, ಎರಡು ಬೆಡ್‌ರೂಮ್ ಫ್ಲಾಟಲ್ಲೂ ಆ ನಾಯಿ ನೆಮ್ಮದಿಯಾಗಿರತ್ತೆ. ಎಕರೆ ಬೇಡ. ಜನ ಬೇಕು.

"ಮುಧೋಳ ನಾಯಿಗಳು ಹೊಲದಲ್ಲೇ ಇರಲ್ವಾ?" ಇದನ್ನ ಕೇಳೋರಿಗೆ ತಾವೇ ಗೆದ್ದ ಖುಷಿ. ಸ್ವಾಮಿ, ಆ ನಾಯಿ ಮರಿ ಇದ್ದಾಗಿಂದ ಅಲ್ಲೇ ಬೆಳೆದಿರತ್ತೆ, ದಿನವಿಡೀ ಕುರಿಗಾಹಿ ಹಿಂದೆನೇ ಇರತ್ತೆ. ಅವನು ಉಂಡಾಗ ಉಣ್ಣತ್ತೆ, ಅವನು ಮಲಗಿದ ಕಡೆ ಮಲಗತ್ತೆ. ನನ್ನ ಮಾತನ್ನೇ ನೀವು ಸಾಬೀತು ಮಾಡಿದ್ರಿ. ತೋಟದಲ್ಲೇ ಸಂಸಾರ ಇದ್ಯಾ, ರಾತ್ರಿ ನಾಯಿ ಒಳಗೆ ಮಲಗತ್ತಾ? ಕೊಡಿ, ನಾನು ಬೇಡ ಅನ್ನಲ್ಲ.

"ಅಪಾರ್ಟ್‌ಮೆಂಟಲ್ಲಿ ದೊಡ್ಡ ನಾಯಿ ಬಿಡಲ್ಲ." ಯಾರು ಹೇಳಿದ್ದು? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಓದಿ, ನಾಯಿ ಗಾತ್ರದ ನೆಪ ಹೇಳಿ ಅಸೋಸಿಯೇಷನ್‌ನವರು ತಡೆಯೋ ಹಾಗಿಲ್ಲ. "ನಮ್ಮದು ರಾಟ್‌ವೀಲರ್, ಬ್ಯಾನ್ ಆಗಿದೆಯಲ್ಲ?" 2024ರ ಮಾರ್ಚಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆನ ಕರ್ನಾಟಕ ಹೈಕೋರ್ಟ್ ಏಪ್ರಿಲಲ್ಲೇ ರದ್ದು ಮಾಡ್ತು. ಮುಂದಿನ ಪ್ರಶ್ನೆ.

ಅಂದ ಹಾಗೆ ಚಾನೆಲ್ ಸಬ್‌ಸ್ಕ್ರೈಬ್ ಆಗಿಲ್ಲದವರು ಈಗಲೇ ಆಗಿ. ಈಗ ಹೇಳೋದನ್ನ ಪಟ್ಟಿ ಮಾಡಿ ಡಿಸ್ಕ್ರಿಪ್ಷನ್ನಲ್ಲಿ ಹಾಕಿದೀನಿ, ಪ್ರಿಂಟ್ ತೆಗೆದು ಫ್ರಿಡ್ಜ್ ಮೇಲೆ ಅಂಟಿಸಿ.

ಕನಿಷ್ಠ ಎರಡು ತಿಂಗಳು ಕೈಯಲ್ಲಿರೋವಾಗಲೇ ಶುರು ಮಾಡಿ. ಮೂವರ್ಸ್ ಗಾಡಿ ಬರೋ ಹಿಂದಿನ ದಿನ ಹುಡುಕಿದ್ರೆ ಸಿಗೋದು ತೋಟಾನೇ. ಮೊದಲು ನಾಯಿಗೆ ಪರಿಚಯ ಇರೋರನ್ನ ಕೇಳಿ. ದಿನಾ ವಾಕಿಂಗಲ್ಲಿ ಸಿಗೋರು, ನಿಮ್ಮ ಡಾಕ್ಟ್ರು, ಊರಿಗೆ ಹೋದಾಗ ನೋಡ್ಕೊಳ್ಳೋರು. ರೇಬಿಸ್, ಹಲವು ರೋಗಕ್ಕೆ ಒಟ್ಟಿಗೆ ಹಾಕೋ ನೈನ್-ಇನ್-ಒನ್ ಚುಚ್ಚುಮದ್ದು ಬಾಕಿ ಇದ್ರೆ ಹಾಕ್ಸಿ, ಒಂದು ರಕ್ತಪರೀಕ್ಷೆ ಮಾಡ್ಸಿ. ಸಂತಾನಹರಣ ಆಪರೇಷನ್ ಆಗಿಲ್ಲದಿದ್ರೆ ಮಾಡಿಸಿಯೇ ಕೊಡಿ, ಹೊಲಿಗೆ ವಾಸಿಯಾಗೋಕೆ 10ರಿಂದ 14 ದಿನ. ಆಪರೇಷನ್ ಆಗದ ಹೆಣ್ಣು ಲ್ಯಾಬ್‌ನ "ಫ್ರೀ" ಅಂತ ಪೋಸ್ಟ್ ಹಾಕಿದ್ರೆ ಮೊದಲು ಫೋನ್ ಮಾಡೋದು ಮರಿ ಮಾರೋರು. ಪ್ರತಿ ಬೆದೆಗೂ ಮರಿ ಹಾಕಿಸ್ತಾರೆ.

ಪೋಸ್ಟಲ್ಲಿ ನಾಯಿಯ ತಪ್ಪುಗಳನ್ನ ಮುಚ್ಚಿಡಬೇಡಿ. ಪಟಾಕಿಗೆ ಹೆದರತ್ತೆ, ಬೆಕ್ಕು ಕಂಡ್ರೆ ಎಳೆಯತ್ತೆ, ಊಟದ ತಟ್ಟೆಗೆ ಕೈ ಹಾಕಿದ್ರೆ ಗುರ್ ಅನ್ನತ್ತೆ, ಎಲ್ಲಾ ಬರೀರಿ. ಮುಚ್ಚಿಟ್ಟು ಕೊಟ್ಟ ನಾಯಿನೇ ವಾಪಸ್ ಬರೋದು, ಇಲ್ಲಾ ಕೈ ಬದಲಾಗ್ತಾ ಹೋಗೋದು.

ಮಗಳಿಗೆ ಸಂಬಂಧ ನೋಡೋ ಹಾಗೆ ಮನೆ ನೋಡಿ. ಅವರೇ ಬಂದು ಕರ್ಕೊಂಡು ಹೋಗ್ತೀವಿ ಅಂದ್ರೂ ನೀವು ಹೋಗಿ ಬರ್ಲೇಬೇಕು. ಮಧ್ಯಾಹ್ನ ಹೊತ್ತು ಮನೇಲಿ ಯಾರಿರ್ತಾರೆ? ರಾತ್ರಿ ನಾಯಿ ಎಲ್ಲಿ ಮಲಗತ್ತೆ? ಗೇಟ್ ಎತ್ತರ ಎಷ್ಟು? ನಾಲ್ಕು ಅಡಿ ಗೇಟ್ ಹಾರೋದು ಎಷ್ಟೋ ದೊಡ್ಡ ನಾಯಿಗಳಿಗೆ ಕಷ್ಟಾನೇ ಅಲ್ಲ. ಮನೇಲಿರೋ ಅಜ್ಜಿನ ಬೇರೆಯಾಗಿ ಮಾತಾಡ್ಸಿ, ಅವರಿಗೆ ಇಷ್ಟ ಇದ್ಯಾ ಕೇಳಿ. ದಿನವಿಡೀ ನಾಯಿ ಜೊತೆ ಇರೋರು ಅವರೇ.

ಒಂದೇ ಸಲಕ್ಕೆ ಒಪ್ಪಿಸಬೇಡಿ. ಎರಡು ಸಲ ಅವರ ಜೊತೆ ವಾಕಿಂಗ್, ಆಮೇಲೆ ಅವರ ಮನೇಲಿ ಎರಡು ಗಂಟೆ, ಆಮೇಲೆ ಒಂದು ರಾತ್ರಿ, ಕೊನೆಗೆ 15 ದಿನ ಟ್ರಯಲ್. ಹೋಗೋವಾಗ ವ್ಯಾಕ್ಸಿನ್ ಪುಸ್ತಕ, ತಿನ್ನೋ ಅದೇ ಬ್ರ್ಯಾಂಡ್ ಫುಡ್ 15 ದಿನಕ್ಕೆ, ಒಗೆಯದ ಹಾಸಿಗೆ ಬಟ್ಟೆ. ಫುಡ್ ಬದಲಾಯಿಸೋದಾದ್ರೆ ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಏಳು ದಿನದಲ್ಲಿ. ಇಲ್ಲಾಂದ್ರೆ ಬೇಧಿ ಆಗತ್ತೆ, ಅವರು ಗಾಬರಿ ಆಗ್ತಾರೆ. ನಾಯಿಗೆ ಗೊತ್ತಿರೋ ಮಾತುಗಳನ್ನೂ ಬರೆದುಕೊಡಿ. "ಕೂತ್ಕೋ", "ಬೇಡ", "ಬಾ ಮರಿ" ಅಂತ ಕೇಳಿ ಬೆಳೆದ ನಾಯಿ ತಮಿಳೋ ಹಿಂದಿನೋ ಮಾತಾಡೋ ಮನೆಗೆ ಹೋದ್ರೆ, ಮಾತು ಕೇಳಲ್ಲ ಅಂತ ಬೈಸ್ಕೊಳ್ಳೋದು ಅದೇ ಅಲ್ವಾ? ಹೊಸ ಮನೇಲಿ ಮೊದಲ ಎರಡು ವಾರ ಹೊರಗೆ ಕರ್ಕೊಂಡು ಹೋಗೋವಾಗ ಕೊರಳ ಬೆಲ್ಟಿಗೊಂದು, ಎದೆಗೆ ಹಾಕೋ ಪಟ್ಟಿ ಅಂದ್ರೆ ಹಾರ್ನೆಸ್‌ಗೊಂದು ಹಗ್ಗ. ಹೊಸ ಜಾಗದಿಂದ ನಾಯಿ ಓಡಿಹೋಗೋದು ಹೆಚ್ಚಾಗಿ ಆಗಲೇ. ದೀಪಾವಳಿ ಹಿಂದೆ ಮುಂದೆ ಅಂತೂ ಕೊಡ್ಲೇಬೇಡಿ. ಸಾಕೋಕಾಗದಿದ್ರೆ ನಮಗೇ ವಾಪಸ್ ಕೊಡ್ಬೇಕು, ಬೇರೆಯವರಿಗೆ ದಾಟಿಸೋ ಹಾಗಿಲ್ಲ ಅಂತ ಬರೆಸಿ ಸಹಿ ಹಾಕಿಸ್ಕೊಳ್ಳಿ. ನಾಯಿ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದ್ರೆ ಅದರ 15 ಅಂಕಿ ನಂಬರೂ ಅದರಲ್ಲಿರ್ಲಿ.

"ಇಷ್ಟೆಲ್ಲಾ ಯಾರು ಮಾಡ್ತಾರೆ?" ಮಾಡ್ಬೇಕು ರೀ! ಮಾಡ್ಲೇಬೇಕು! ಆರು ವರ್ಷ ಬಾಗಿಲಲ್ಲಿ ಕಾದಿದ್ದಕ್ಕೆ ಎರಡು ತಿಂಗಳು ಕೊಡೋಕಾಗಲ್ವಾ? ತೋಟದ ಫೋಟೋ ಕಳಿಸ್ಬೇಡಿ ನನಗೆ. ತೆಂಗಿನ ಮರ ನೋಡ್ಕೊಂಡು ನಾಯಿ ಏನು ಮಾಡತ್ತೆ? ಸ್ವಿಮ್ಮಿಂಗ್ ಪೂಲ್ ಇದ್ಯಂತೆ, ಇರ್ಲಿ! ಯಾರಿದಾರೆ ಹೇಳಿ. ಎಷ್ಟು ಎಕರೆ ಅಂತ ಬೇಡ, ಯಾರಿದಾರೆ? ಜನ ಬೇಕು, ಜನ!

ಮನೆ ಹುಡುಕ್ತಿರೋರು ನಾಯಿ ವಯಸ್ಸು, ತೂಕ, ಊರು, ಆಪರೇಷನ್ ಆಗಿದ್ಯಾ ಇಲ್ವಾ ಅಂತ ಕಾಮೆಂಟಲ್ಲಿ ಹಾಕಿ, ಮುಂದಿನ ವಿಡಿಯೋದಲ್ಲಿ ಓದ್ತೀನಿ. ಫೋನ್ ನಂಬರ್ ಮಾತ್ರ ಅಲ್ಲಿ ಹಾಕ್ಬೇಡಿ, ಮರಿ ಮಾರೋರೂ ಈ ಕಾಮೆಂಟ್ ಓದ್ತಾರೆ.