ಕಹಿ ನೀರು ಕುಡಿಯಬೇಕಾಗಿದ್ದು ಹೆಂಡತಿ ಮಾತ್ರ

ನಮಸ್ಕಾರ. ಇವತ್ತು ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯ ತೆಗೆದುಕೊಂಡಿದ್ದೇನೆ. ಓದಿದವರು ಬಹಳ ಜನ ಇದ್ದೀರಿ. ಆದರೆ ಈ ಭಾಗ ಬಂದಾಗ ನಾವೆಲ್ಲ ಸುಮ್ನೆ ಪುಟ ತಿರುಗಿಸಿ ಮುಂದೆ ಹೋಗುತ್ತೇವೆ, ಅಲ್ವಾ?

ಒಬ್ಬ ಗಂಡನಿಗೆ ಹೆಂಡತಿಯ ಮೇಲೆ ಅನುಮಾನ. ಕಂಡವರಿಲ್ಲ, ಸಾಕ್ಷಿಯಿಲ್ಲ, ಅವಳು ಸಿಕ್ಕಿಬಿದ್ದೂ ಇಲ್ಲ. ತಲೆಯಲ್ಲಿ ಹುಳ ಹೊಕ್ಕಿದೆ, ಅಷ್ಟೇ. ಅಷ್ಟಿದ್ದರೆ ಸಾಕು, ಅವಳನ್ನು ಯಾಜಕನ ಮುಂದೆ ತಂದು ನಿಲ್ಲಿಸಬಹುದು. ಜೊತೆಗೆ ಸುಮಾರು 2 ಲೀಟರ್ ಅಳತೆಯ ಜವೆಗೋಧಿ ಹಿಟ್ಟು ತರಬೇಕು. ಸಾಮಾನ್ಯವಾಗಿ ಧಾನ್ಯದ ಕಾಣಿಕೆಗೆ ಎಣ್ಣೆ ಹಾಕುತ್ತಿದ್ದರು, ಧೂಪ ಇಡುತ್ತಿದ್ದರು. ಇದಕ್ಕೆ ಎರಡೂ ಇಲ್ಲ.

ಯಾಜಕ ಮಣ್ಣಿನ ಪಾತ್ರೆಯಲ್ಲಿ ಪವಿತ್ರ ನೀರು ತುಂಬಿ, ದೇವರ ಗುಡಾರದ ನೆಲದಿಂದ ಧೂಳು ತೆಗೆದು ಅದಕ್ಕೆ ಹಾಕುತ್ತಾನೆ. ಅವಳ ತಲೆಗೂದಲು ಬಿಚ್ಚುತ್ತಾನೆ. ಹಿಟ್ಟನ್ನು ಅವಳ ಕೈಗೆ ಕೊಡುತ್ತಾನೆ. ನೀನು ಕೆಟ್ಟಿದ್ದರೆ ನಿನ್ನ ಹೊಟ್ಟೆ ಉಬ್ಬಿಹೋಗಲಿ ಎಂದು ಶಾಪ ಓದುತ್ತಾನೆ, ಅದಕ್ಕೆ ಅವಳೇ ಆಮೆನ್, ಆಮೆನ್ ಅನ್ನಬೇಕು. ಆಮೇಲೆ ಆ ಶಾಪದ ಮಾತುಗಳನ್ನು ಬರೆದು, ಬರೆದದ್ದನ್ನು ಅದೇ ನೀರಿನಲ್ಲಿ ತೊಳೆದು, ಆ ನೀರನ್ನು ಅವಳಿಗೆ ಕುಡಿಸುತ್ತಾರೆ. ಕಹಿ ನೀರು ಅನ್ನುವುದು ಇದನ್ನೇ. ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಒಂದೇ. ಬಿಚ್ಚಿದ ಕೂದಲು ಮುಖದ ಮೇಲೆ ಬಿದ್ದರೂ ಸರಿಸಿಕೊಳ್ಳಲು ಅವಳಿಗೆ ಕೈ ಬಿಡುವಿಲ್ಲ, ಕೈ ತುಂಬಾ ಹಿಟ್ಟಿದೆ.

ಇದು ಹೆಂಗಸನ್ನು ಉಳಿಸಲು ಮಾಡಿದ ಕ್ರಮ ಅನ್ನುವವರೂ ಇದ್ದಾರೆ. ಅವರ ಮಾತಲ್ಲಿ ಹುರುಳಿದೆ. ಧೂಳು ಬೆರೆಸಿದ ನೀರು ಕುಡಿದರೆ ಯಾರೂ ಸಾಯುವುದಿಲ್ಲ, ಅವಳು ತಪ್ಪಿತಸ್ಥೆ ಅಂತ ಆಗಬೇಕಾದರೆ ಪವಾಡವೇ ನಡೆಯಬೇಕು. ಬಾಬಿಲೋನಿನ ರಾಜ ಹಮ್ಮುರಾಬಿಯ 132ನೇ ಕಾನೂನು ನೋಡಿ, ಅಲ್ಲಿ ಜನ ಬೆರಳು ತೋರಿಸಿದ ಹೆಂಡತಿ ಗಂಡನಿಗೋಸ್ಕರ ನದಿಗೇ ಹಾರಬೇಕಿತ್ತು. ಅದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಆದರೂ ನನಗೆ ಸಮಾಧಾನವಿಲ್ಲ. ಹೆಂಡತಿಗೆ ಗಂಡನ ಮೇಲೆ ಅನುಮಾನ ಬಂದರೆ? ಅದಕ್ಕೆ ಒಂದು ಸಾಲೂ ಇಲ್ಲ. ವ್ಯಭಿಚಾರಕ್ಕೆ ಇಬ್ಬರಿಗೂ ಮರಣದಂಡನೆ ಅಂತ ಧರ್ಮೋಪದೇಶಕಾಂಡ ಹೇಳುತ್ತದೆ, ನಿಜ, ಆದರೆ ಅಲ್ಲಿ ವ್ಯಭಿಚಾರ ಅಂದರೆ ಇನ್ನೊಬ್ಬನ ಹೆಂಡತಿಯ ಜೊತೆ ಮಲಗುವುದು. ಹೆಂಡತಿ ಇರುವ ಗಂಡಸು ಮದುವೆ ನಿಶ್ಚಯವಾಗದ ಹುಡುಗಿಯನ್ನು ಹಿಡಿದು ಕೂಡಿದರೆ ಅವಳ ಅಪ್ಪನಿಗೆ 50 ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ ಕೊಟ್ಟು ಅವಳನ್ನೂ ಮದುವೆಯಾಗಬೇಕು. ಹುಡುಗಿಯ ಮಾತು ಯಾರು ಕೇಳಿದರು?

ಆದಿಕಾಂಡದ ಯೆಹೂದನನ್ನೇ ನೋಡಿ. ವಿಧವೆ ಸೊಸೆ ತಾಮಾರಳು ಬಸುರಿ ಅಂತ ಗೊತ್ತಾದ ಕೂಡಲೇ ಹೊರಗೆ ಎಳೆದು ಸುಟ್ಟುಬಿಡಿ ಅಂದ. ಅವಳು ಮುದ್ರೆ, ದಾರ, ಕೋಲು ಕಳಿಸಿದಳು. ಇವು ಯಾರವೋ ಅವನಿಂದಲೇ ನಾನು ಬಸುರಿ ಅಂದಳು. ಮೂರೂ ಅವನವೇ! ಅವಳು ನನಗಿಂತ ನೀತಿವಂತಳು ಅಂತ ಅವನ ಬಾಯಿಂದಲೇ ಬಂತು. ಅವತ್ತು ಅವಳ ಹತ್ತಿರ ಆ ಕೋಲು ಇರದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಕಹಿ ನೀರಿನ ಅಧ್ಯಾಯದ ಕೊನೇ ವಚನಕ್ಕೆ ಬರುತ್ತೇನೆ. ಗಂಡ ದೋಷದಿಂದ ಮುಕ್ತ, ಹೆಂಡತಿ ತನ್ನ ದೋಷ ತಾನೇ ಹೊರಬೇಕು ಅನ್ನುತ್ತದೆ ಅದು. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ. ಸುಳ್ಳು ಅನುಮಾನ ಪಟ್ಟವನಿಗೆ ಏನೂ ಇಲ್ಲವೇ ಅಂತ ಸಿಟ್ಟು ಬಂದಿತ್ತು.

ಆದರೆ ಇದೇ ಪ್ರಶ್ನೆ ಯೆಹೂದಿ ಗುರುಗಳನ್ನೂ ಬಿಟ್ಟಿರಲಿಲ್ಲ. ಕ್ರಿಸ್ತಶಕ 1ನೇ ಶತಮಾನದ ಯೋಹಾನಾನ್ ಬೆನ್ ಜಕ್ಕಾಯಿ ಈ ಕಹಿ ನೀರಿನ ಕ್ರಮವನ್ನೇ ನಿಲ್ಲಿಸಿದರು ಎಂದು ಯೆಹೂದಿಗಳ ಹಳೆಯ ಕಾನೂನು ಸಂಗ್ರಹವಾದ ಮಿಶ್ನಾ ಹೇಳುತ್ತದೆ. ವ್ಯಭಿಚಾರಿಗಳು ಹೆಚ್ಚಾದರು ಎಂಬುದು ಕಾರಣ. ಅದಕ್ಕೆ ಆಧಾರ ಪ್ರವಾದಿ ಹೋಶೇಯನ ಮಾತು: ಗಂಡಸರೇ ಸೂಳೆಯರ ಹಿಂದೆ ಹೋಗುವಾಗ ನಾನು ನಿಮ್ಮ ಹೆಣ್ಣುಮಕ್ಕಳನ್ನು ದಂಡಿಸುವುದಿಲ್ಲ ಅನ್ನುತ್ತಾನೆ ದೇವರು. ನನಗೆ ಸಿಟ್ಟು ಬರಿಸಿದ ಆ ಕೊನೇ ವಚನವನ್ನೇ ತಾಲ್ಮೂದ್, ಅಂದರೆ ಮಿಶ್ನಾದ ಮೇಲೆ ಗುರುಗಳು ನಡೆಸಿದ ಚರ್ಚೆಗಳ ಗ್ರಂಥ, ಒಂದು ಷರತ್ತು ಅಂತ ಓದಿತು. ಗಂಡ ತಾನು ಮೊದಲು ದೋಷವಿಲ್ಲದವನಾಗಿರಬೇಕು. ಅವನೇ ಕೆಟ್ಟಿದ್ದರೆ ಆ ನೀರು ಅವನ ಹೆಂಡತಿಯನ್ನು ಪರೀಕ್ಷೆ ಮಾಡುವುದೇ ಇಲ್ಲ.