ನಮ್ಮ ಬೋರ್‌ವೆಲ್ ನೀರು ಸ್ಕೋಪಸ್‌ಗೆ ಕಾಣಲ್ಲ

ನಮಸ್ಕಾರ, ಕೋಲಾರದಿಂದ ಮಾತಾಡ್ತಿದ್ದೀನಿ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ನಿಮ್ಮ ಕಡೆ ಯೂನಿವರ್ಸಿಟಿಗಳಲ್ಲಿ ಸಂಶೋಧನೆ ಸೊನ್ನೆ. ಸ್ಕೋಪಸ್ ತೆಗೆದು ನೋಡಿ.' ಓದಿ ಮೈಯೆಲ್ಲಾ ಉರಿದುಹೋಯ್ತು.

ಸ್ಕೋಪಸ್ ಅಂದ್ರೆ ಸಂಶೋಧನಾ ಪೇಪರ್‌ಗಳ ದೊಡ್ಡ ಪಟ್ಟಿ, ಆಮ್‌ಸ್ಟರ್‌ಡ್ಯಾಮ್‌ನ ಒಂದು ಕಂಪನಿ ಇಟ್ಟಿರೋದು. ಅದು ಏನು ಎಣಿಸುತ್ತೆ ಸ್ವಾಮಿ? ಒಬ್ಬರ ಪೇಪರನ್ನ ಇನ್ನೊಂದು ಪೇಪರ್ ಬರೆಯೋರು ಎಷ್ಟು ಸಲ ಉಲ್ಲೇಖ, ಅಂದ್ರೆ ಸೈಟೇಷನ್, ಮಾಡಿದ್ರು ಅಂತ. ಎಚ್-ಇಂಡೆಕ್ಸ್ ಅಂತಾರಲ್ಲ, ಆ ಉಲ್ಲೇಖ ಎಣಿಸಿ ಸಂಶೋಧಕರಿಗೆ ಕೊಡೋ ಅಂಕ, ಅದು 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಕೊಟ್ಟಿದ್ದು. ಹತ್ತು ಪೇಪರ್‌ಗೆ ತಲಾ ಹತ್ತು ಉಲ್ಲೇಖನಾದ್ರೂ ಬಂದಿದ್ರೆ ನಿಮ್ಮ ಎಚ್ ಹತ್ತು. ಇದರಲ್ಲಿ ನೀರು ಕುಡಿಯೋರ ಲೆಕ್ಕ ಎಲ್ಲಿದೆ?

ನನಗೆ ಗೊತ್ತಿರೋ ಒಬ್ಬ ಹುಡುಗಿ, ಪಿಎಚ್.ಡಿ. ಮಾಡ್ತಿದ್ದವಳು, ಮುಳಬಾಗಿಲು ಕಡೆ ಹಳ್ಳಿಹಳ್ಳಿ ತಿರುಗಿ ಬೋರ್‌ವೆಲ್ ನೀರು ಹಿಡೀತಿದ್ಲು. ಒಂದೊಂದು ಬಾಟಲಿಗೂ ಬಿಳಿ ಚೀಟಿ: ಊರ ಹೆಸರು, ತಾರೀಕು, ಎಷ್ಟು ಅಡಿ ಆಳ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋ ಹಾಗಿಲ್ಲ. ದಾಟಿದ ಕಡೆ ಕನ್ನಡದಲ್ಲೇ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿದ್ಲು. ಅಲ್ಲಿನ ಮಕ್ಕಳ ಹಲ್ಲಲ್ಲಿ ಕಂದು ಕಲೆ ನಾನೇ ನೋಡಿದ್ದೀನಿ. ಒಂದೂರಲ್ಲಿ ಆ ನೀರನ್ನ ಕುಡಿಯೋದೇ ಬಿಟ್ರು. ಅವಳ ಸೈಟೇಷನ್ ಎಷ್ಟು? ಸೊನ್ನೆ. ಗೋಡೆಗೆ ಅಂಟಿಸಿದ್ದು ಸ್ಕೋಪಸ್‌ಗೆ ಕಾಣಲ್ಲ!

'ಅಳತೆನೇ ಬೇಡ ಅಂದ್ರೆ ಸೋಮಾರಿಗಳಿಗೆ ಹಬ್ಬ' ಅಂತೀರಾ? ಅಳತೆ ಇಟ್ಟಮೇಲೆ ಏನಾಗಿದೆ ನೋಡಿ. ನೀನು ನನ್ನ ಪೇಪರ್ ಹೆಸರು ಹಾಕು, ನಾನು ನಿಂದು ಹಾಕ್ತೀನಿ ಅಂತ ಸಂಶೋಧಕರಲ್ಲೇ ಒಪ್ಪಂದ. ದುಡ್ಡು ಕಟ್ಟಿದ್ರೆ ಏನು ಬೇಕಾದ್ರೂ ಅಚ್ಚು ಹಾಕೋ ಜರ್ನಲ್‌ಗಳು. ನಮ್ಮ ಟೊಮೆಟೊ ಮಂಡಿಲಿ ಬಾಕ್ಸ್ ಬಿಚ್ಚಿ ಹಣ್ಣು ನೋಡದೆ, ಎಷ್ಟು ಜನ ದಲ್ಲಾಳಿಗಳು ಅದರ ಹೆಸರೆತ್ತಿದ್ರು ಅಂತ ಬೆಲೆ ಕಟ್ಟಿದ್ರೆ ರೈತ ಸುಮ್ಮನಿರ್ತಾನಾ?

ಇದು ನನ್ನೊಬ್ಬನ ಮಾತಲ್ಲ. 2015ರಲ್ಲಿ ಸಂಶೋಧನೆನ ಅಳೆಯೋ ಈ ಶಾಸ್ತ್ರದವರೇ ಲೈಡನ್ ಮ್ಯಾನಿಫೆಸ್ಟೊ ಅಂತ ಒಂದು ಘೋಷಣೆ ಹೊರಡಿಸಿದ್ರು. ಹತ್ತು ಸೂತ್ರ. ಆಯಾ ಊರಿಗೆ ಬೇಕಾದ ಒಳ್ಳೆ ಸಂಶೋಧನೆನ ಕಾಪಾಡಿ ಅನ್ನೋದು ಅದರಲ್ಲಿ ಒಂದು. ಓದಿದ್ದೀರಾ, ಕಾಮೆಂಟ್ ಹಾಕಿದೋರೇ?

2018ರಿಂದ ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಕೊಳಚೆ ಸಂಸ್ಕರಿಸಿದ್ದು, ನಮ್ಮ ಕೆರೆಗಳಿಗೆ ಬರ್ತಿದೆ. ಅದನ್ನ ವರ್ಷವರ್ಷ ಕೂತು ಪರೀಕ್ಷೆ ಮಾಡಬೇಕಾದೋರು ಯಾರು, ಆಮ್‌ಸ್ಟರ್‌ಡ್ಯಾಮ್‌ನೋರಾ? ನಮ್ಮ ಮಕ್ಕಳೇ ಮಾಡಬೇಕು. ಮಾಡಿದ್ರೆ ಸೊನ್ನೆ ಅಂತೀರಿ. ಸೊನ್ನೆ ಅಂತೆ ಸೊನ್ನೆ! ಬಂದು ಒಂದು ಲೋಟ ಕುಡೀರಿ, ಆಮೇಲೆ ಮಾತಾಡಿ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮೂರ ಬೋರ್‌ವೆಲ್ ನೀರನ್ನ ಯಾರಾದ್ರೂ ಪರೀಕ್ಷೆ ಮಾಡಿದ್ರೆ ಊರ ಹೆಸರು ಬರೀರಿ. ಮುಂದಿನ ವಿಡಿಯೋದಲ್ಲಿ ಒಂದೊಂದಾಗಿ ಓದ್ತೀನಿ.