ಫೈಲ್ ಕಣ್ಣೆದುರೇ ಇದೆ, ರೂಟರ್ ಮಾತ್ರ ಇಲ್ಲ ಅನ್ನುತ್ತಿದೆ

ಈಗ ಪರದೆ ಮೇಲೆ ನೋಡಿ. ಇದು ಓಪನ್‌ಡಬ್ಲ್ಯುಆರ್‌ಟಿ, ಅಂದರೆ ರೂಟರ್‌ಗಳಿಗೆಂದೇ ಇರುವ ಲಿನಕ್ಸ್, ಹಾಕಿರುವ ರೂಟರ್, ಪ್ರೊಸೆಸರ್ ಆರ್ಮ್. ಲ್ಯಾಪ್‌ಟಾಪ್‌ನ ಉಬುಂಟುವಿನಲ್ಲಿ ಆರ್ಮ್‌ಗೆಂದು ಕ್ರಾಸ್ ಕಂಪೈಲ್ ಮಾಡಿದ, ಅಂದರೆ ಒಂದು ಯಂತ್ರದಲ್ಲಿ ಕೂತು ಇನ್ನೊಂದು ಯಂತ್ರಕ್ಕೆ ತಯಾರಿಸಿದ, ಒಂದು ಚಿಕ್ಕ ಸಿ ಪ್ರೋಗ್ರಾಂ ಇದರಲ್ಲಿದೆ. ಎಲ್‌ಎಸ್ ಕೊಟ್ಟರೆ ಫೈಲ್ ಕಾಣುತ್ತದೆ, ಪರ್ಮಿಷನ್ ಕೂಡ ಸರಿಯಾಗಿದೆ, ಆದರೆ ರನ್ ಮಾಡಿದ ಕೂಡಲೇ 'ನಾಟ್ ಫೌಂಡ್' ಅನ್ನುತ್ತದೆ. ಕಣ್ಣೆದುರು ಇರುವುದನ್ನೇ ಇಲ್ಲ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ, ಅಲ್ವಾ?

ಇಲ್ಲಿ ಸಿಗದೇ ಇರುವುದು ನಮ್ಮ ಪ್ರೋಗ್ರಾಂ ಅಲ್ಲ, ಅದರ ಲೋಡರ್. ಲೈಬ್ರರಿಗಳನ್ನು ತಂದು ಜೋಡಿಸುವ ಈ ಲೋಡರ್ ಎಲ್ಲಿದೆ, ಅದರ ಹೆಸರೇನು ಅನ್ನುವುದು ಕಂಪೈಲ್ ಆಗುವಾಗಲೇ ಬೈನರಿಯೊಳಗೆ ಸೇರಿಹೋಗಿರುತ್ತದೆ, ಕರ್ನಲ್ ಅದನ್ನು ಓದಿ ಅಲ್ಲಿಗೆ ಹೋಗಿ ಹುಡುಕುತ್ತದೆ, ಸಿಗದಿದ್ದರೆ ನಮಗೆ ಬರುವುದು ಇದೇ ಸಂದೇಶ. ಲ್ಯಾಪ್‌ಟಾಪ್‌ನಲ್ಲಿ ಬೈನರಿಯ ಒಳಗಿನ ವಿವರ ತೋರಿಸುವ ರೀಡ್‌ಎಲ್ಫ್ ಕಮಾಂಡ್‌ಗೆ ಮೈನಸ್ ಚಿಕ್ಕ ಎಲ್ ಕೊಟ್ಟು ನೋಡಿ, 'ಇಂಟರ್‌ಪ್ರಿಟರ್' ಅನ್ನುವ ಸಾಲು ಬರುತ್ತದೆ. ಉಬುಂಟು ಕಂಪೈಲರ್ ಅಲ್ಲಿ ತನ್ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಲೋಡರ್ ಬರೆದಿದೆ. ಈ ರೂಟರ್‌ನಲ್ಲಿ ಇರುವುದು ಮಸಲ್ ಅನ್ನುವ ಇನ್ನೊಂದು ಸಿ ಲೈಬ್ರರಿ! ಜಿಲಿಬ್‌ಸಿ ಲೋಡರ್ ಹೆಸರಿನಲ್ಲಿ ಮಸಲ್ ಲೋಡರ್‌ಗೆ ಸುಮ್ನೆ ಒಂದು ಸಿಮ್‌ಲಿಂಕ್ (ಇನ್ನೊಂದು ಫೈಲ್‌ಗೆ ದಾರಿ ತೋರಿಸುವ ಹೆಸರು) ಹಾಕಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡೂ ಬೇರೆ ಬೇರೆ ಸಿ ಲೈಬ್ರರಿಗಳು, ಇವತ್ತು ಓಡಿದ ಹಾಗೆ ಕಂಡರೂ ನಾಳೆ ಎಲ್ಲೋ ಕ್ರ್ಯಾಶ್ ಆಗುತ್ತದೆ. ಆ ರೂಟರ್‌ಗೆಂದೇ ಇರುವ ಓಪನ್‌ಡಬ್ಲ್ಯುಆರ್‌ಟಿ ಎಸ್‌ಡಿಕೆಯಲ್ಲೇ, ಅಂದರೆ ಅದರ ಕಂಪೈಲರ್ ಮತ್ತು ಲೈಬ್ರರಿಗಳ ಕಟ್ಟಿನಲ್ಲೇ, ಕಂಪೈಲ್ ಮಾಡಿ.

'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬಂದರೆ ಸುಲಭ. ಬೇರೆ ಪ್ರೊಸೆಸರ್‌ನ ಬೈನರಿ ಬಂದು ಕೂತಿರುತ್ತದೆ, 'ಫೈಲ್' ಕಮಾಂಡ್ ಕೊಟ್ಟರೆ ಅದೇ ಹೇಳುತ್ತದೆ.

ನಿಜವಾಗಿ ಕಾಡುವುದು ಈ ಪುಟ್ಟ ಕಂಪ್ಯೂಟರ್ ಬೋರ್ಡ್, ರಾಸ್ಪ್‌ಬೆರಿ ಪೈ ಝೀರೋ. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಹೇಳಿ ನಿಂತುಬಿಡುತ್ತದೆ. ಇದರ ಚಿಪ್ ಆರ್ಮ್‌ನ ಹಳೇ ಆವೃತ್ತಿ ವಿ6, ಉಬುಂಟುವಿನ ಆರ್ಮ್ ಹಾರ್ಡ್‌ಫ್ಲೋಟ್ ಕಂಪೈಲರ್ ಕೊಡುವುದು ವಿ7 ಕೋಡ್, ಅದರಲ್ಲಿರುವ ಹೊಸ ಇನ್‌ಸ್ಟ್ರಕ್ಷನ್‌ಗಳು ಈ ಚಿಪ್‌ಗೆ ಗೊತ್ತಿಲ್ಲ. ಹಾಗಾದರೆ ಆಪ್ಷನ್‌ನಲ್ಲಿ ವಿ6 ಅಂತ ಕೊಟ್ಟರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಕಾಗುವುದಿಲ್ಲ. ನೀವು ಬರೆದ ಕೋಡ್ ಮಾತ್ರ ವಿ6 ಆಗುತ್ತದೆ, ಮೇನ್‌ಗಿಂತ ಮೊದಲು ಓಡುವ ಸ್ಟಾರ್ಟ್‌ಅಪ್ ಫೈಲುಗಳು ಕಂಪೈಲರ್ ಜೊತೆ ಮೊದಲೇ ವಿ7 ಆಗಿ ತಯಾರಾಗಿ ಬಂದಿರುತ್ತವೆ, ಲೈಬ್ರರಿಯನ್ನೂ ಬೈನರಿಯೊಳಗೇ ಸೇರಿಸುವ ಸ್ಟ್ಯಾಟಿಕ್ ಲಿಂಕ್ ಮಾಡಿದರಂತೂ ಸಿ ಲೈಬ್ರರಿಯಿಂದ ಬೇಕಾದ ಭಾಗಗಳ ವಿ7 ಕೋಡ್ ಕೂಡ ಒಳಗೆ ಬರುತ್ತದೆ. ಸ್ಟ್ಯಾಟಿಕ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ರೀಡ್‌ಎಲ್ಫ್‌ಗೆ ದೊಡ್ಡ ಎ ಕೊಟ್ಟು ಸಿಪಿಯು ಆರ್ಕ್ ಸಾಲು ನೋಡಿ, ವಿ7 ಅಂತಿದ್ದರೆ ಬೋರ್ಡ್‌ಗೆ ಕಾಪಿ ಮಾಡುವ ಶ್ರಮವೇ ಬೇಡ. ಬಿಲ್ಡ್‌ರೂಟ್ ಅಥವಾ ಕ್ರಾಸ್‌ಟೂಲ್ ಎನ್‌ಜಿ ಅನ್ನುವ ಟೂಲ್‌ನಲ್ಲಿ ವಿ6ಗೆ ಅಂತಲೇ ಟೂಲ್‌ಚೈನ್, ಅಂದರೆ ಕಂಪೈಲರ್, ಲಿಂಕರ್, ಸಿ ಲೈಬ್ರರಿ ಎಲ್ಲ, ಕಟ್ಟಿಕೊಳ್ಳಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಖಂಡಿತ ಮಾಡಬೇಕಾದ ಕೆಲಸ.

ಕೊನೆಗೆ ಡೆಬಿಯನ್ 11 ಲಿನಕ್ಸ್ ಇರುವ ಇನ್ನೊಂದು ಬೋರ್ಡ್, ಬೀಗಲ್‌ಬೋನ್ ಬ್ಲ್ಯಾಕ್. ಚಿಪ್ ವಿ7, ಲೋಡರ್ ಕೂಡ ಇದೆ, ಆದರೂ 'ಜಿಲಿಬ್‌ಸಿ 2.34 ನಾಟ್ ಫೌಂಡ್'. ಬೋರ್ಡ್‌ನಲ್ಲಿರುವ ಜಿಲಿಬ್‌ಸಿ 2.31, ಲ್ಯಾಪ್‌ಟಾಪ್‌ನ ಉಬುಂಟು 22.04ರಲ್ಲಿರುವುದು 2.35. ಪ್ರೋಗ್ರಾಂ ಶುರು ಮಾಡುವ ಫಂಕ್ಷನ್‌ಗೇ 2.34ರಲ್ಲಿ ಹೊಸ ವರ್ಷನ್ ಬಂತು, ಹಾಗಾಗಿ ಬರೀ ಹಲೋ ವರ್ಲ್ಡ್ ಕೂಡ ಹಳೇ ಬೋರ್ಡ್‌ನಲ್ಲಿ ಏಳುವುದಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಒಂದು ಡೆಬಿಯನ್ 11 ಕಂಟೇನರ್ (ಉಬುಂಟುವಿನೊಳಗೇ ಪ್ರತ್ಯೇಕವಾಗಿ ಓಡುವ ಡೆಬಿಯನ್ ಪರಿಸರ) ಎಬ್ಬಿಸಿ, ಅದರೊಳಗಿನ ಕ್ರಾಸ್ ಕಂಪೈಲರ್ ಬಳಸಿ. ಬೋರ್ಡ್‌ನ ಜಿಲಿಬ್‌ಸಿಗೆ ಮಾತ್ರ ಕೈ ಹಾಕಬೇಡಿ. ಅದು ಕೆಟ್ಟರೆ ಎಲ್‌ಎಸ್ ಕೂಡ ಓಡುವುದಿಲ್ಲ, ಎಸ್‌ಡಿ ಕಾರ್ಡ್ ತೆಗೆದು ಮತ್ತೆ ಇಮೇಜ್ ಬರೆಯಬೇಕಾಗುತ್ತದೆ.